ಅಸರ್‌ವರೆಗಿನ ಬ್ಯಾಟರಿ

ಅವರ ಬಲಗೈಯ ಬೆರಳ ತುದಿಗಳು ಕಂದುಗಟ್ಟಿ, ಹುಣಿಸೆಬೀಜದಷ್ಟು ಗಟ್ಟಿಯಾಗಿದ್ದವು. ಮೂವತ್ತು ವರ್ಷ ರೇಡಿಯೊ, ಟೇಪ್‌ರೆಕಾರ್ಡರುಗಳಿಗೆ ಬೆಸುಗೆ ಹಾಕಿ ಹಾಕಿ ಆ ಬೆರಳುಗಳಿಗೆ ಬಿಸಿಯೇ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಎಷ್ಟು ಕಾದಿದೆ ಎಂದು ನೋಡಲು ಅದನ್ನು ಎರಡೂ ಕೈಯಲ್ಲಿ ಎತ್ತಿ, ತಳವನ್ನು ಗಡ್ಡದ ಮೇಲಿನ ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದೆ.

ಚಾಮರಾಜನಗರಕ್ಕೆಲ್ಲ ಅವರು ರಿಪೇರಿ ಸಾಬ್ರು. ನನ್ನದು ಗುಂಡ್ಲುಪೇಟೆ. ಅಪ್ಪನದು ಅಲ್ಲಿ ಫೋಟೊ ಸ್ಟುಡಿಯೊ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಕ್ಯಾಮೆರಾ ನನ್ನ ಕೊರಳಿಗೆ ಬಿತ್ತು. ಹೆಣ್ಣುಮಗಳು ಫೋಟೊ ತೆಗೆಯುತ್ತಾಳಂತೆ ಎಂದು ಊರೆಲ್ಲ ಆಡಿಕೊಂಡಿತು. ಮದುವೆಯ ಫೋಟೊಗೆ ಮಾತ್ರ ಯಾರೂ ಕರೆಯಲಿಲ್ಲ. ಎರಡು ವರ್ಷ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ನೋಡಿಕೊಂಡೇ ಕೂತಿದ್ದೆ.

ಕೊನೆಗೆ ಕರೆದದ್ದು ಚಾಮರಾಜನಗರದಲ್ಲಿ ರೇಷ್ಮೆ ವ್ಯಾಪಾರ ಮಾಡುವ ಒಂದು ಮುಸ್ಲಿಂ ಮನೆಯವರು. ಅವರ ಹೆಂಗಸರ ಕಡೆಗೆ ಗಂಡಸು ಫೋಟೊದವನು ಹೋಗುವಂತಿಲ್ಲ, ನಾನು ಬೇಕಾಗಿತ್ತು. ಒಂದೇ ಷರತ್ತು. ತೆಗೆದ ಫೋಟೊಗಳನ್ನೆಲ್ಲ ಮದುಮಗಳ ಅಜ್ಜಿ ಅಲ್ಲೇ ಕೂತು ನೋಡುತ್ತಾರೆ. ಬೇಡವೆಂದದ್ದನ್ನು ಅಲ್ಲೇ ಅಳಿಸಬೇಕು. ಆಮೇಲೆಯೇ ಮೆಮೊರಿ ಕಾರ್ಡ್ ಹೊಸಿಲು ದಾಟುವುದು. ಕ್ಯಾಮೆರಾದ ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಎಂಬತ್ತರ ಅಜ್ಜಿಗೆ ಏನು ಕಂಡೀತು? ಲ್ಯಾಪ್‌ಟಾಪ್ ಬೇಕೇ ಬೇಕಾಯಿತು. ಈ ಮದುವೆ ಚೆನ್ನಾಗಿ ಆದರೆ ಹತ್ತು ಮನೆಯ ಬಾಗಿಲು ತೆರೆಯುತ್ತದೆ, ಕೆಟ್ಟರೆ ಸ್ಟುಡಿಯೊ ಮುಚ್ಚುವುದೇ ಎಂದು ನನಗೂ ಅಪ್ಪನಿಗೂ ಗೊತ್ತಿತ್ತು.

ಆಗತಾನೇ ಪುಟ್ಟ ಪುಟ್ಟ ಅಗ್ಗದ ಲ್ಯಾಪ್‌ಟಾಪುಗಳು ಬಂದಿದ್ದ ಕಾಲ. ರಿಪೇರಿಯ ಜೊತೆಗೆ ಅವನ್ನು ಮಾರಲೂ ತೊಡಗಿದ್ದ ಸಾಬ್ರು, ಮಧ್ಯಾಹ್ನದ ನಮಾಜು ಮುಗಿಸಿ ಬಂದು ಅವನ್ನು ಬ್ಯಾಟರಿಯಲ್ಲೇ ಚಾಲೂ ಮಾಡಿ ಸಾಲಾಗಿ ಇಡುತ್ತಿದ್ದರು. ಸಾಯಂಕಾಲದ ಅಸರ್ ನಮಾಜಿಗೆ ಆಜಾನ್ ಕೂಗುವಾಗ ಯಾವುದು ಇನ್ನೂ ಉಸಿರಾಡುತ್ತಿದೆಯೋ ಅದು ಪಾಸು. ಕಂಪನಿಯವರು ಪೆಟ್ಟಿಗೆಯ ಮೇಲೆ ಏನೇ ಅಚ್ಚು ಹಾಕಿಸಿರಲಿ, ಅವರ ಲೆಕ್ಕ ಇಷ್ಟೇ.

ಅಂಗಡಿಗೆ ಹೋದವಳು ಮಿರಮಿರ ಮಿಂಚುವ ಒಂದರ ಮೇಲೆ ಕೈ ಇಟ್ಟೆ.

"ಇದು ಜೋರಾಗಿ ಓಡ್ತದೆ, ಜೋರಾಗಿ ಕಾಯ್ತದೆ, ಬೇಗ ಮಲಗ್ತದೆ," ಎಂದರು. ಪಕ್ಕದ ಮಂಕು ಬಣ್ಣದ ಪುಟಾಣಿಯನ್ನು ಕೆನ್ನೆಗೆ ಒತ್ತಿಕೊಂಡು, "ಇದು ನಿಧಾನ. ಆದ್ರೆ ತಣ್ಣಗೈತೆ, ಅಸರ್‌ವರೆಗೂ ಇರ್ತದೆ. ನೀವು ಎಲ್ಲಿಟ್ಕೊಂಡು ನೋಡ್ತೀರಮ್ಮಾ?"

"ಮೇಜಿನ ಮೇಲೆ ಸಾಬ್ರೇ. ಮದುವೆ ಫೋಟೊಗೆ."

ಯಾರ ಮನೆ, ಯಾವ ಕಡೆ ಎಂದು ಬಾಯಿ ಬಿಡಲಿಲ್ಲ. ಬೇರೆ ಸ್ಟುಡಿಯೊದವರ ಕಿವಿಗೆ ಬಿದ್ದರೆ ಎಂಬ ಭಯ, ಜಂಬ ಎಂದರೂ ಸರಿ. ಮಿಂಚುವುದನ್ನೇ ತಂದೆ. ಅವರು ತಡೆಯಲಿಲ್ಲ. "ಪೆಟ್ಟಿಗೆ ಮಾತ್ರ ಬಿಸಾಕ್ಬೇಡಿ," ಎಂದರು.

ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪ ನಕ್ಕು, "ಅವ್ರಿಗೆ ಆಗ್ಲೇ ಗೊತ್ತಾಗ್ಬುಟ್ಟದೆ ಕಣವ್ವ, ನೀನು ವಾಪಸ್ ಬತ್ತೀಯ ಅಂತ," ಎಂದರು. ನನಗೆ ಮೈಯೆಲ್ಲ ಉರಿಯಿತು.

ಮದುವೆಯ ದಿನ ಊಟವಾದ ಮೇಲೆ ಹೆಂಗಸರ ಕೋಣೆಯಲ್ಲಿ ಕೂತೆವು. ಅಲ್ಲಿ ಮೇಜು ಎಲ್ಲಿಂದ ಬರಬೇಕು! ನೆಲಕ್ಕೆಲ್ಲ ಹತ್ತಿಯ ಗಾದಿ, ಮೇಲೆ ಮಖಮಲ್ಲಿನ ಹೊದಿಕೆ. ಲ್ಯಾಪ್‌ಟಾಪನ್ನು ಅದರ ಮೇಲೇ ಇಟ್ಟೆ. ಅಷ್ಟರಲ್ಲಿ ಕರೆಂಟೂ ಹೋಯಿತು. ಫೋಟೊಗಳು ಒಂದರ ಹಿಂದೊಂದು ತಾವಾಗಿಯೇ ಸರಸರ ಓಡಿದವು. ಅಜ್ಜಿ "ನಿಲ್ಸು, ನಿಲ್ಸು" ಎನ್ನುವಷ್ಟರಲ್ಲಿ ಮುಂದಿನದು ಬಂದಿರುತ್ತಿತ್ತು. ಗಾದಿಯಲ್ಲಿ ಹೂತುಕೊಂಡ ಯಂತ್ರಕ್ಕೆ ಉಸಿರಾಡಲು ಜಾಗವಿರಲಿಲ್ಲ. ಒಳಗಿನ ಫ್ಯಾನು ಕೂಗಿಕೊಂಡಿತು, ಮಖಮಲ್ಲು ಇಸ್ತ್ರಿ ಹಾಕಿದಷ್ಟು ಬಿಸಿಯಾಯಿತು, ಪರದೆ ಕಪ್ಪಾಯಿತು. ಆರಿಸಿ ಮತ್ತೆ ಹಚ್ಚಿದರೆ ಬ್ಯಾಟರಿಯೂ ತಳ ಕಂಡಿತ್ತು. ಅರ್ಧಕ್ಕರ್ಧ ಫೋಟೊ ಅಜ್ಜಿ ನೋಡಿಯೇ ಇರಲಿಲ್ಲ.

ಅಜ್ಜಿ ಕೈ ಚಾಚಿದರು. ಕಾರ್ಡನ್ನು ಕೊಟ್ಟೆ. ಅದನ್ನು ಎಲೆಅಡಿಕೆ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದರು. "ನಾನು ನೋಡ್ದೆ ಇರೋದು ಮನೆ ದಾಟಂಗಿಲ್ಲ ಬೇಟಿ. ನಾಳೆ ಹುಡುಗಿ ಅತ್ತೆ ಮನೇಗೆ ಓಗ್ಬುಡ್ತಾಳೆ. ಆಮೇಲೆ ಕೂತು ನೋಡೋಕಾಗಲ್ಲ, ಫೋಟೊ ಇಷ್ಟೇ ಅನ್ಕೋ." ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಇನ್ನೂ ಹೆದರಿಸಿತು. ನನ್ನ ಮೊದಲ ಮದುವೆ ಆ ಡಬ್ಬಿಯಲ್ಲಿ ಸುಣ್ಣದ ಪಕ್ಕ ಕೂತಿತ್ತು. ಅಡುಗೆಮನೆಯ ಕಡೆ ಹೋಗಿ ಕಣ್ಣೊರೆಸಿಕೊಂಡು ಸಾಬ್ರಿಗೆ ಫೋನು ಮಾಡಿದೆ.

ಹತ್ತು ನಿಮಿಷಕ್ಕೆ ಮೊಪೆಡ್ಡಿನ ಸದ್ದು. ಅವರೂ ಹೆಂಗಸರ ಕಡೆ ಬರುವಂತಿಲ್ಲವಲ್ಲ, ಬಾಗಿಲ ಪರದೆಯಾಚೆ ನಿಂತರು. ಪರದೆಯ ಕೆಳಗಿನಿಂದ ಆ ಗಟ್ಟಿ ಬೆರಳುಗಳು ಮಂಕು ಬಣ್ಣದ ಪುಟಾಣಿಯನ್ನು ಒಳಗೆ ತಳ್ಳಿದವು.

"ಗಾದಿ ಮೇಲೆ ಇಟ್ರಾ?"

"ಹೂಂ."

"ಮೇಜು ಅಂದ್ರಲ್ಲ! ನಮ್ ಹೆಂಗಸರ ಕೋಣೆ ಅಂತ ಅವತ್ತೇ ಹೇಳಿದ್ರೆ ಆ ಬೆಂಕಿಪೆಟ್ಟಿಗೆ ನಾನು ಕೊಡ್ತಿದ್ನಾ? ರೊಟ್ಟಿ ಲಟ್ಟಿಸೋ ಮಣೆ ತರ್ಸಿ, ಅದ್ರ ಮೇಲಿಡಿ. ಸ್ಕ್ರೀನ್ ಬೆಳಕು ಅರ್ಧಕ್ಕೆ ಇಳ್ಸಿ. ಹೆದ್ರಬೇಡಿ, ನಾನು ಇಲ್ಲೇ ಇರ್ತೀನಿ."

ಮಣೆ ಬಂತು. ಅಜ್ಜಿ ಡಬ್ಬಿ ತೆರೆದರು. ಪುಟಾಣಿ ನಿಜಕ್ಕೂ ನಿಧಾನ. ಒಂದು ಫೋಟೊ ಮೇಲಿನಿಂದ ಕೆಳಗೆ ಮೂಡಿಬರುವುದರೊಳಗೆ ಒಂದು ಬೀಡಾ ಮಡಿಸಬಹುದಿತ್ತು. ನನಗೋ ಮುಳ್ಳಿನ ಮೇಲೆ ಕೂತ ಹಾಗೆ. ಅಜ್ಜಿ ಮಾತ್ರ ಆರಾಮವಾಗಿ ಗೋಡೆಗೆ ಒರಗಿದರು. ಮೊದಲು ಮೊಮ್ಮಗಳ ದುಪ್ಪಟ್ಟ, ಆಮೇಲೆ ಹಣೆ, ಆಮೇಲೆ ಕಣ್ಣು. "ಇದು ಒಳ್ಳೇದು. ಅದು ಓಡ್ತಾ ಇತ್ತು, ನನ್ ಕಣ್ಣು ಓಡಲ್ಲ," ಎಂದರು. ಒಂದೊಂದಕ್ಕೂ "ಇದು ಇರ್ಲಿ," "ಇದು ಬೇಡ" ಎನ್ನುತ್ತಾ ಹೋದರು. ಮೊದಲು ಬೇಡವೆಂದಿದ್ದ, ನಾನಿನ್ನೂ ಅಳಿಸಿರದ ಏಳೆಂಟನ್ನು ಮತ್ತೆ ನೋಡಿ ಇರಲಿ ಎಂದರು.

ಆಜಾನ್ ಕೂಗಿತು. ಸಾಬ್ರು ಮಸೀದಿಗೆ ಹೋಗಿ ನಮಾಜು ಮುಗಿಸಿ ಬಂದು ಪರದೆಯಾಚೆಯಿಂದ ಕೇಳಿದರು: "ಐತಾ?"

"ಐತೆ ಸಾಬ್ರೇ!" ಎಂದು ಕೂಗಿದೆ. ಒಳಗಿನ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಸ್ವಲ್ಪ ಹೊತ್ತಿಗೆ ಅಜ್ಜಿ ಕಾರ್ಡನ್ನು ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು. ಆ ಮನೆಯಿಂದ ಇನ್ನೊಂದು ಮದುವೆ, ಅಲ್ಲಿಂದ ಮತ್ತೊಂದು. ಸ್ಟುಡಿಯೊ ಇವತ್ತಿಗೂ ಇದೆ.

ಮಾರನೆಯ ದಿನ ಮಿಂಚುವುದನ್ನು ಪೆಟ್ಟಿಗೆಯ ಸಮೇತ ಹಿಂದಕ್ಕೆ ಕೊಟ್ಟು ಪುಟಾಣಿಯನ್ನು ಇಟ್ಟುಕೊಂಡೆ. ಆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಕೊಟ್ಟದ್ದು ಅಪ್ಪನೇ, ಪುಣ್ಯಾತ್ಮ. ಆಮೇಲೆ ವರ್ಷಗಟ್ಟಲೆ, ಬ್ಯಾಟರಿ ಸೋತಾಗಲೆಲ್ಲ ಸಾಬ್ರು ಬಿಚ್ಚಿ ಹೊಸ ಸೆಲ್ ಹಾಕಿ, ಮಧ್ಯಾಹ್ನದಿಂದ ಅಸರ್‌ವರೆಗೆ ಓಡಿಸಿ ನೋಡಿಯೇ ಕೊಡುತ್ತಿದ್ದರು. ಹಾಗೆ ಒಂದು ದಿನ ಕೆನ್ನೆಗೆ ಯಂತ್ರ ಒತ್ತಿ ಕಣ್ಣು ಮುಚ್ಚಿದ್ದಾಗ ಅವರದೊಂದು ಫೋಟೊ ತೆಗೆದೆ. ತೋರಿಸಿದರೆ, "ಏನಮ್ಮಾ ಇದು, ನಿದ್ದೆ ಮಾಡೋನ ಥರ ಇದೀನಿ," ಎಂದು ನಾಚಿಕೊಂಡರು. ಅಳಿಸು ಎನ್ನಲಿಲ್ಲ.

ಕೊನೆಯ ಸಲ ಸೆಲ್ ಬದಲಿಸಿದ ತಿಂಗಳೇ ಅವರು ಹೋಗಿಬಿಟ್ಟರು. ಅಂಗಡಿಯಲ್ಲೇ ಎದೆನೋವು ಬಂತಂತೆ. ಕೆಲವು ದಿನ ಬಿಟ್ಟು ಅವರ ಹೆಂಡತಿಯನ್ನು ನೋಡಲು ಹೋದೆ. ರೊಟ್ಟಿಮಣೆ ಕೇಳಿ ತರಿಸಿ, ಅದರ ಮೇಲೆ ಪುಟಾಣಿಯನ್ನಿಟ್ಟು ಆ ಫೋಟೊ ತೆರೆದೆ. ಮೊದಲು ಟೋಪಿ ಬಂತು, ಆಮೇಲೆ ಮುಚ್ಚಿದ ಕಣ್ಣು, ಆಮೇಲೆ ಕೆನ್ನೆ. ಆಕೆ ಬಹಳ ಹೊತ್ತು ನೋಡಿದರು. ಪರದೆಯ ಮೇಲೆ ಕೈಯಾಡಿಸಿದರು.

"ಇದು ಇರ್ಲಿ," ಎಂದರು.

ಹೊರಗೆ ಅಸರ್ ಆಜಾನ್ ಕೂಗುತ್ತಿತ್ತು. ಮುಚ್ಚುವ ಮೊದಲು ನಾನೂ ಯಂತ್ರವನ್ನೆತ್ತಿ ಕೆನ್ನೆಗೆ ಒತ್ತಿಕೊಂಡೆ. ತಣ್ಣಗಿತ್ತು.