ರುದ್ರಮುನಿಯಪ್ಪನವರ ಸೈಡ್‌ಕಾರು
"ನಮ್ಮ ಬೀದಿಗೆ ಕೋಳಿ ಯಾಕ್ ಬೇಕು ಕಣಮ್ಮ, ರುದ್ರಮುನಿ ಗಾಡಿ ಕೂಗ್ತದಲ್ಲ!" ಅಂತ ಹಿಂದೂಪುರದಲ್ಲಿ ನೆರೆಹೊರೆಯವರು ಆಡಿಕೊಳ್ಳೋರು. ಹುಣಸೆ ಮಂಡಿಯ ರುದ್ರಮುನಿಯಪ್ಪನವರು ದಿನಾ ಬೆಳಗ್ಗೆ ಸೈಡ್‌ಕಾರಿನ ಹಳೇ ಬೈಕು ಒರೆಸಿ, ತಮಗೆ ಹಚ್ಚಿಕೊಂಡ ವಿಭೂತಿಯನ್ನೇ ಅದರ ದೀಪಕ್ಕೂ ಹಚ್ಚಿ, ಹೆಂಡತಿ ಹಂಪಮ್ಮನನ್ನು ಪಕ್ಕದ ತೊಟ್ಟಿಯಲ್ಲಿ ಕೂರಿಸಿಕೊಂಡೇ ಹೊರಡೋರು. ಕಲ್ಯಾಣದುರ್ಗದ ನೆಂಟರ ಮದುವೆಗೂ ಅದರಲ್ಲೇ ಹೋಗೋರು. ಯಾರಾದರೂ ಹ್ಯಾಂಡಲ್ ಮುಟ್ಟಿದರೆ, "ಇದು ವಾಲಿಸೋ ಬೈಕಲ್ಲ ಕಣ್ಲಾ, ತೋಳಿನ ಬಲದಲ್ಲಿ ತಿರುಗಿಸೋ ಗಾಡಿ. ಎಡಕ್ಕೆ ಜೋರಾಗಿ ತಿರುಗಿಸಿದ್ರೆ ಖಾಲಿ ತೊಟ್ಟಿ ಮೇಲೆದ್ದು ನಿನ್ನನ್ನೇ ಮಗುಚ್ತದೆ" ಅಂತ ಗದರೋರು. ಅವರ ಅಣ್ಣನ ಮಗ ಹಾಲೇಶ ಒಮ್ಮೆ ಕದ್ದು ಓಡಿಸಿ ಚರಂಡಿಗೆ ಬಿದ್ದಿದ್ದ. ಮೊನ್ನೆ ಅವರು ಶಿವೈಕ್ಯರಾದರು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿಯೇ ಸಾಗಿಸೋದು. ಅದಕ್ಕೆ ಬಿದಿರಿನ ವಿಮಾನ ಕಟ್ಟುತ್ತಿದ್ದವರನ್ನು ಹಂಪಮ್ಮ ತಡೆದರು. "ನನ್ ಗಾಡೀಲೇ ಕಳಿಸು ಅಂತ ಮಾತು ತಗಂಡವ್ರೆ." "ಓಡಿಸೋರು ಯಾರು ಚಿಕ್ಕಮ್ಮ?" ಅಂದ ಹಾಲೇಶ. ಹಂಪಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿದರು, ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿಬಿಟ್ಟರು! "ಓರಿ ದೇವುಡಾ!" ಅಂತ ಪಕ್ಕದ ಮನೆ ಮುತ್ಯಾಲಮ್ಮ ಎದೆ ಹಿಡಿದುಕೊಂಡಳು. "ಅವ್ರಿಗೆ ಕಣ್ಣು ಮಂಜಾಗಿ ಆರು ವರ್ಷ ಆಯ್ತು ಕಣಪ್ಪ. ಬೀದಿ ತುದಿವರ್ಗೂ ಅವ್ರು, ಆಮೇಲೆಲ್ಲಾ ನಾನೇ. ಯಾರಿಗೂ ಹೇಳ್ಬ್ಯಾಡ ಅಂದಿದ್ರು" ಅಂದರು ಹಂಪಮ್ಮ. ರುದ್ರಮುನಿಯಪ್ಪನವರು ಹಾರ ಹಾಕಿಸಿಕೊಂಡು ತೊಟ್ಟಿಯಲ್ಲಿ ನೆಟ್ಟಗೆ ಕೂತು, ಬೀದಿಯವರೆಲ್ಲರ ಕಣ್ಣೆದುರಿಗೇ, ಹೆಂಡತಿ ಓಡಿಸುವ ಗಾಡಿಯಲ್ಲಿ ಮನೆ ಬಿಟ್ಟು ಹೊರಟರು.