ಎದೆಯ ಮೇಲಿನ ಬಿಳಿ ಚೀಲ

ಹರ್ನಿಯಾ ಆಪರೇಷನ್ನಿಗೆಂದು ಮಧುಗಿರಿಯ ಆಸ್ಪತ್ರೆಯೊಂದಕ್ಕೆ ಸೇರಿದಾಗ ನನಗೆ ಕತ್ತರಿ, ಹೊಲಿಗೆಯ ಭಯವಿರಲಿಲ್ಲ. ನನ್ನ ಇನ್ಸುಲಿನ್ ಪಂಪ್ ಎಲ್ಲಿ ಕಿತ್ತಿಡುತ್ತಾರೋ ಎಂಬ ಭಯ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆ ಯಂತ್ರ ಸಣ್ಣ ಕೊಳವೆಯ ಮೂಲಕ ಹೊಟ್ಟೆಯೊಳಕ್ಕೆ ದಿನವಿಡೀ ಹನಿಹನಿ ಇನ್ಸುಲಿನ್ ಬಿಡುತ್ತದೆ. ಅದು ನಿಂತರೆ ಸಕ್ಕರೆ ಏರಿ ನನ್ನ ಕಥೆ ಮುಗಿದಂತೆ. ಹೆಂಡತಿ ಅದಕ್ಕೊಂದು ಬಿಳಿ ಬಟ್ಟೆಯ ಚೀಲ ಹೊಲಿದು ಕೊರಳಿಗೆ ಹಾಕಿದ್ದಳು.

‘ಪಂಪ್ ಇರಲಿ’ ಎಂದಿದ್ದ ಡಾಕ್ಟರು ಇನ್ನೂ ಕೊರಟಗೆರೆಯ ದಾರಿಯಲ್ಲಿದ್ದರು. ನರ್ಸಮ್ಮ ನನ್ನ ಉಂಗುರ, ಉಡಿದಾರ ಬಿಚ್ಚಿಸಿ ಚೀಲಕ್ಕೆ ಕೈ ಹಾಕಿದಳು.

“ಅದು ಔಷಧಿ ಕಣಮ್ಮ, ತೆಗೀಬಾರದು,” ಅಂದೆ.

“ಹೊರಗಿನ ಔಷಧಿ ಒಳಕ್ಕೆ ಬುಡಂಗಿಲ್ಲ ಸಾರ್.”

ಮೈಯೆಲ್ಲ ಉರಿದುಹೋಯಿತು, ಕೂಗಾಡಿದೆ. ನೆಲ ಒರೆಸುತ್ತಿದ್ದ ಆಯಮ್ಮ ಬಟ್ಟೆ ಬಿಸಾಕಿ ಓಡಿಬಂದಳು.

“ಅಯ್ಯೋ, ಲಿಂಗದ ಕರಡಿಗೆ ಮುಟ್ತೀಯೇನವ್ವಾ? ಪ್ರಾಣ ಹೋಗೋಗಂಟ ಅದು ಮೈಮ್ಯಾಲೇ ಇರ್ಬೇಕು ಕಣಮ್ಮ!”

ನರ್ಸಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. “ಮೊದ್ಲೇ ಯೋಳ್ಬಾರ್ದಾ ಸಾರ್?”

ಔಷಧಿಗೆ ಬಗ್ಗದ ನಿಯಮ ಶಿವನಿಗೆ ಬಗ್ಗಿತು. ನಾನೋ ಲಿಂಗ ಕಟ್ಟುವವರ ಪೈಕಿಯೇ ಅಲ್ಲ. ಶಿರಾ ಕಡೆಯ ಒಕ್ಕಲು ಮನೆಯವನು, ಮಟನ್ ಸಾರಿಲ್ಲದ ಭಾನುವಾರ ನನಗೆ ಭಾನುವಾರವಲ್ಲ. ಬಾಯಿ ಮುಚ್ಚಿಕೊಂಡೆ.

ಆಪರೇಷನ್ ಸುಸೂತ್ರವಾಗಿ ಆಯಿತು. ಆಮೇಲೆ ಶುರುವಾದದ್ದು ಭಕ್ತಿಯ ಕಾಟ. ಪಥ್ಯಕ್ಕೆಂದು ಬಂದ ಬೇಯಿಸಿದ ಮೊಟ್ಟೆ ನನ್ನ ಕಣ್ಣೆದುರೇ ವಾಪಸ್ ಹೋಯಿತು. ಬದಲಿಗೆ ಆಯಮ್ಮ ಯಾವುದೋ ಗುಡಿಯ ಕೇಸರಿಬಾತ್ ಪ್ರಸಾದ ತಂದು, ತಿಂದು ಮುಗಿಸುವವರೆಗೂ ಎದುರಿಗೇ ನಿಂತಳು. ಹೊದಿಕೆಯೊಳಗೇ ಗುಂಡಿ ಒತ್ತಿ ಆ ಸಿಹಿಗೆ ತಕ್ಕಷ್ಟು ಇನ್ಸುಲಿನ್ ಏರಿಸಿಕೊಂಡೆ. ಪಂಪ್ ‘ಕೀಂ’ ಎಂದಿತು. ಪಕ್ಕದ ಮಂಚದ ಪಾವಗಡದ ಮುದುಕ ಎದ್ದು ಕೂತ.

“ಏಂ ಸಾಮೀ, ನಿಮ್ ಲಿಂಗ ಮಾತಾಡ್ತೈತೆ ಕದಾ!”

ಸಂಜೆಯ ಹೊತ್ತಿಗೆ ವಾರ್ಡಿನವರೆಲ್ಲ ನನ್ನ ಹತ್ತಿರ ವಿಭೂತಿ ಕೇಳಿಕೊಂಡು ಬಂದರು.

ಮನೆಗೆ ಹೊರಡುವ ದಿನ ಆಸ್ಪತ್ರೆಯ ಹುಡುಗಿಯೊಬ್ಬಳು ರೋಗಿಗಳ ಅಭಿಪ್ರಾಯ ಬರೆದುಕೊಳ್ಳಲು ಫೋನ್ ಹಿಡಿದು ಬಂದಳು. ಡಾಕ್ಟರು ಬರೆದಿದ್ದ ಚೀಟಿ ನೋಡಿ ಕೇಳಿದಳು, “ನಿಮ್ಮ ಇನ್ಸುಲಿನ್ ಪಂಪನ್ನ ನಮ್ಮೋರು ಚೆನ್ನಾಗಿ ನೋಡ್ಕೊಂಡ್ರಾ ಸಾರ್? ತೃಪ್ತಿ ಆಯ್ತಾ?”

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅವಳ ಹಿಂದೆಯೇ ನರ್ಸಮ್ಮ ನಿಂತಿದ್ದಳು. ಮುಗಿದದ್ದು ಬಲಗಡೆಯ ಹರ್ನಿಯಾ ಮಾತ್ರ. ಎಡಗಡೆಯದು ಮುಂದಿನ ತಿಂಗಳು, ಇದೇ ಆಸ್ಪತ್ರೆಯಲ್ಲಿ.

“ನನ್ನ ಹತ್ರ ಎಲ್ಲೈತಮ್ಮ ಪಂಪು? ಎಲ್ಲಾ ಶಿವನೇ ನೋಡ್ಕಂಡ,” ಎಂದು ಎದೆಯ ಚೀಲಕ್ಕೆ ಕೈಮುಗಿದೆ.

ಅದು ‘ಕೀಂ’ ಎಂದಿತು. ಹುಡುಗಿ ಫೋನನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಾನೂ ಕೈಮುಗಿದಳು.