ಬೆಣೆ ಹಿಡಿದವಳ ಮಾತು

ತಾಳಗುಂದದ ಕಡೆ ಕಲ್ಲು ಸೀಳುವವರ ಪೈಕಿ ಉಜ್ಜಪ್ಪನ ಹೆಸರು ದೊಡ್ಡದು. ಆದರೆ ಉಜ್ಜಪ್ಪ ಸುತ್ತಿಗೆ ಬೀಸುವವನಷ್ಟೇ. ಎಲ್ಲಿ ಬೀಸಬೇಕೆಂದು ಹೇಳುತ್ತಿದ್ದವಳು, ಬೆಣೆ ಹಿಡಿದು ಕೂರುತ್ತಿದ್ದ ಹೆಂಡತಿ ದುರುಗಮ್ಮ. ಬಂಡೆಗೆ ಮೆಲ್ಲಗೆ ತಟ್ಟಿ, ಪಕ್ಕದಲ್ಲಿ ಅಂಗೈ ಊರಿ ಕಿವಿಗೊಡುವಳು. ಖಣ್ ಎಂದರೆ ಗಟ್ಟಿ, ಬೊದ್ ಎಂದರೆ ಒಳಗೆ ಬಿಟ್ಟುಕೊಂಡಿದೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿದವಳಲ್ಲ. ಹೊಗಳಿಕೆ ಮಾತ್ರ ಯಾವತ್ತೂ ಗಂಡನ ಪಾಲಿಗೆ!

೧೯೯೬ರ ಡಿಸೆಂಬರಿನಲ್ಲಿ ಜಡೆ ಹತ್ತಿರದ ಗುಡ್ಡವೊಂದರಲ್ಲಿ ಕಾಲೇಜು ಮಕ್ಕಳಿಗೆ ಬಂಡೆ ಹತ್ತುವ ಶಿಬಿರ ನಡೆಯಿತು. ಮಗಳು ಹೂವಮ್ಮ ಹೆಸರು ಕೊಟ್ಟಿದ್ದಳು; ಅಡುಗೆಗೆ ಜನ ಬೇಕೆಂದಾಗ ತಾಯಿಯೂ ಹೊರಟಳು. ಕಲಿಸಲು ಬಂದಿದ್ದ ರೇಣುಕಾಪ್ರಸಾದ್ ಮೊದಲ ದಿನವೇ ಒಂದು ಹೊಳೆಯುವ ಸಾಮಾನು ಎತ್ತಿ ತೋರಿಸಿದ. ಅದರ ಹೆಸರು ಕ್ಯಾಮ್. ಕಡ್ಡಿಯೊಂದರ ತುದಿಗೆ ನಾಲ್ಕು ಬಾಗಿದ ರೆಕ್ಕೆ. ಹಿಡಿಕೆ ಎಳೆದರೆ ಮುದುಡುತ್ತವೆ, ಬಿರುಕಿಗೆ ತೂರಿಸಿ ಬಿಟ್ಟರೆ ಸ್ಪ್ರಿಂಗಿನ ಬಲದಿಂದ ಅರಳಿ ಎರಡೂ ಗೋಡೆಗೆ ಆತುಕೊಳ್ಳುತ್ತವೆ. ಹಗ್ಗಕ್ಕೆ ಭಾರ ಬಿದ್ದಷ್ಟೂ ರೆಕ್ಕೆ ತಿರುಗಿ ಗೋಡೆಯನ್ನು ಇನ್ನಷ್ಟು ಒತ್ತುತ್ತವೆ.

“ಆನೆ ಜಗ್ಗಿದ್ರೂ ಬರಲ್ಲ” ಎಂದ.

ಈರುಳ್ಳಿ ಹೆಚ್ಚುತ್ತಿದ್ದ ದುರುಗಮ್ಮನಿಗೆ ಕೂತಲ್ಲೇ ಅರ್ಥವಾಯಿತು. ಇದು ತನ್ನ ಬೆಣೆಯೇ. ಮೇಲಿನ ಪೆಟ್ಟನ್ನು ಪಕ್ಕದ ಒತ್ತಡ ಮಾಡುವುದು ತಾನೇ ಬೆಣೆಯ ಕೆಲಸ? ಗೋಡೆ ಗಟ್ಟಿಯಿದ್ದರೆ ಕಚ್ಚಿ ನಿಲ್ಲುತ್ತದೆ, ಪೊಳ್ಳಿದ್ದರೆ ಸೀಳಿ ಎಬ್ಬಿಸುತ್ತದೆ.

ಮೂರನೆಯ ದಿನ ಹೂವಮ್ಮನ ಸರದಿ. ರೇಣುಕಾಪ್ರಸಾದ್ ತಾನು ಮೊದಲು ಹತ್ತಿ, ಬಂಡೆಗೆ ಒರಗಿದಂತಿದ್ದ ಎರಡಾಳೆತ್ತರದ ಚಪ್ಪಡಿಯ ಹಿಂದಿನ ಬಿರುಕಿಗೆ ಕ್ಯಾಮ್ ತೂರಿಸಿ, ಅದರಲ್ಲಿ ಹಗ್ಗ ಹಾಯಿಸಿ ಇಳಿದ. ಹುಡುಗಿ ಜಾರಿದರೆ ತಡೆಯುವುದು ಅದೊಂದೇ. ದುರುಗಮ್ಮ ಕೈಲಿದ್ದ ಸೌಟಿನಿಂದ ಚಪ್ಪಡಿಯ ಬುಡಕ್ಕೆ ತಟ್ಟಿದಳು. ಬೊದ್.

“ಸರ್, ಇದು ಪೊಳ್ಳೈತ್ರಿ. ಹುಡುಗಿ ಜೋತುಬಿದ್ರೆ ನಿಮ್ಮ ಸಾಮಾನೇ ಇದನ್ನ ಸೀಳಿ ಕೆಡವತೈತಿ.”

ಅವನು ನಕ್ಕ. “ತಾಯಿ ಅಲ್ವಾ, ಭಯ ಸಹಜ. ನೀವು ಅಡುಗೆ ಕಡೆ ನೋಡ್ಕೊಳ್ಳಿ.”

ದುರುಗಮ್ಮನ ಮೈಯೆಲ್ಲ ಉರಿದುಹೋಯಿತು. ಭಯವಂತೆ! ಇಪ್ಪತ್ತು ವರ್ಷ ಕಲ್ಲಿನ ಜೊತೆ ಮಾತಾಡಿದವಳಿಗೆ ಭಯವಂತೆ! ಸರಸರನೆ ಹೋಗಿ ಮಗಳ ಸೊಂಟದ ಹಗ್ಗ ಬಿಚ್ಚಿದಳು.

“ಆನೆ ಜಗ್ಗಿದ್ರೂ ಬರಲ್ಲ ಅಂದ್ರಲ್ಲ? ದೂರ ನಿಂತು ನೀವೇ ಜಗ್ಗ್ರಿ ನೋಡಾಣ.”

ಹುಡುಗರೆದುರು ಮರ್ಯಾದೆ ಪ್ರಶ್ನೆ. ಅವನು ಮೂವರನ್ನು ಕರೆದು, ದೂರ ನಿಂತು, ಹಗ್ಗದ ಎರಡೂ ತುದಿ ಹಿಡಿದು ಜಗ್ಗಿದ. ಎರಡನೆಯ ಸಲ ಜಗ್ಗಿದ್ದೇ ತಡ, ಚಪ್ಪಡಿ ಕಿತ್ತು ಬಂದು, ಹೂವಮ್ಮ ಆಗಷ್ಟೇ ನಿಂತಿದ್ದ ಜಾಗದ ಮೇಲೆ ಬಿದ್ದು ಮೂರು ಹೋಳಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ರೇಣುಕಾಪ್ರಸಾದ್ ಎದ್ದು ನಿಂತು ಕೈಮುಗಿದ.

“ಇವತ್ತೊಂದು ಪಾಠ ಕಲಿತೆ. ತಾಯಿ ಕರುಳಿಗೆ ಎಲ್ಲ ಮೊದಲೇ ಗೊತ್ತಾಗುತ್ತೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ದುರುಗಮ್ಮ ಸಾರಿನ ಪಾತ್ರೆ ಕುಕ್ಕಿದಳು.

“ಕರುಳಲ್ರೀ ಸರ್, ಕಿವಿ! ಅಲ್ಲಿ ಬ್ಯಾರೇರ ಮಗಳು ನಿಂತಿದ್ರೂ ಅದು ಬೊದ್ ಅಂತಾನೇ ಅಂತಿತ್ತು. ನಾಳೆಯಿಂದ ಮೊದ್ಲು ತಟ್ಟಿ ಕೇಳೋದು ಕಲೀರಿ.”

ಅವನ ತಟ್ಟೆಗೆ ಸಾರು ಬಡಿಸದೆ ಮುಂದಿನವನ ಹತ್ತಿರ ಹೋದಳು.